ಮಿಸ್ತ್ರಿಯ ಕರೆಂಟ್ ನೀರು

ಕೊಪ್ಪಳದ ಪಕ್ಕದ ಭಾಗ್ಯನಗರದ ಆ ವರ್ಕ್‌ಶಾಪಿನ ಬೀಗಕ್ಕೆ ತುಕ್ಕು ಹಿಡಿದಿತ್ತು. ಟೀಚರು ಕೀಲಿ ಹಾಕಿ ಎರಡು ಸಲ ತಿರುಗಿಸಿ, ಆಗದೆ, ನನ್ನ ಕೈಗೆ ಕೊಟ್ಟರು. ನಾನು ಚೀಲದಿಂದ ಎಣ್ಣೆ ಡಬ್ಬಿ ತೆಗೆದು ಎರಡು ಹನಿ ಬಿಟ್ಟ ಮೇಲೆ ಬಿಟ್ಟುಕೊಂಡಿತು. ಒಳಗೆ ಮಗ್ಗದ ಬಿಡಿಭಾಗಗಳು, ತಾಮ್ರದ ತಂತಿಯ ಉಂಡೆಗಳು, ಗೋಡೆಗೆ ಒರಗಿಸಿಟ್ಟ, ನೀರು ತುಂಬಿಸುವ ಎರಡು ಪ್ಲಾಸ್ಟಿಕ್ ಬುಟ್ಟಿಗಳು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಒಂದು ಕಟ್ಟಿಗೆಯ ಪೆಟ್ಟಿಗೆ.

"ಇದ ನೋಡ್ರಿ ಅಪ್ಪನ ಮಷಿನ್," ಎಂದರು ಟೀಚರು. "ಮಂದಿ ಕರೆಂಟ್ ನೀರು ಅಂತಿದ್ರು."

ಅವರ ತಂದೆ ಮಗ್ಗ ರಿಪೇರಿ ಮಾಡುತ್ತಿದ್ದವರು. ಸುತ್ತಲಿನವರಿಗೆಲ್ಲ ಅವರು ಮಿಸ್ತ್ರಿ, ಅಷ್ಟೇ. ಕೈಕಾಲು ನೋವಿದ್ದವರು, ಸಕ್ಕರೆ ಕಾಯಿಲೆಯವರು, ಲಕ್ವ ಹೊಡೆದವರು, ನಿದ್ದೆ ಬಾರದವರು ಬಂದರೆ ಎರಡು ಬುಟ್ಟಿಯಲ್ಲಿ ನೀರು ತುಂಬಿಸಿ, ಒಂದೊಂದು ಕಾಲನ್ನು ಒಂದೊಂದು ಬುಟ್ಟಿಯಲ್ಲಿಡಿಸಿ, ಆ ಪೆಟ್ಟಿಗೆಯಿಂದ ಸಣ್ಣ ಕರೆಂಟು ಹರಿಸುತ್ತಿದ್ದರಂತೆ. ಯಾರಿಂದಲೂ ದುಡ್ಡು ಕೇಳಿದವರಲ್ಲ. ದೂರದ ಊರಿನವರಿಗೆ ಪೆಟ್ಟಿಗೆಯನ್ನೇ ಮಾಡಿ ಕೊಟ್ಟಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ನವಲಿ, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಟೀಚರಿಗೆ ಫೋನು ಬರುತ್ತಿತ್ತು: ಮಷಿನ್ ಕೆಟ್ಟಿದೆ, ಬಂದು ನೋಡಿ.

ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ನಾನಿದ್ದ ಕಂಪನಿಯ ಗುತ್ತಿಗೆ ಮುಗಿದು, ಹೊಸ ಗುತ್ತಿಗೆ ಕೈಗೆ ಬರುವುದು ತಡವಾಗಿತ್ತು. ಕೊಪ್ಪಳದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕುಳಿತು, ಮಧ್ಯಾಹ್ನ ಖಾನಾವಳಿಗೆ ಹೋಗಿ ರೊಟ್ಟಿ ತಿಂದು ಬರುವುದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕೆಲವು ದಿನ ಖಾನಾವಳಿಯವರಿಗೆ "ಒಂದು ಊಟ" ಎಂದು ಹೇಳಿದ್ದೇ ದಿನದ ಮಾತು. ಅದಕ್ಕೇ ಯಾರಿಂದಲೋ ನನ್ನ ಕೆಲಸ ತಿಳಿದು ಟೀಚರು ಕೇಳಿದಾಗ ಒಪ್ಪಿಕೊಂಡೆ.

ಕೆಲಸ ಎರಡಿತ್ತು. ಊರುಗಳಲ್ಲಿರುವ ಪೆಟ್ಟಿಗೆಗಳನ್ನು ಸರಿಪಡಿಸುವುದು ಒಂದು. ಪೆಟ್ಟಿಗೆಯ ಒಳಗಿನ ಜೋಡಣೆಯ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದುಕೊಡುವುದು ಇನ್ನೊಂದು. ಗಂಗಾವತಿಯ ಒಬ್ಬ ವ್ಯಾಪಾರಿ ಮಿಸ್ತ್ರಿಯ ಹೆಸರಿನಲ್ಲಿ ಇಂಥ ಮಷಿನ್ ಮಾಡಿಸಿ ಮಾರಲು ಮುಂದೆ ಬಂದಿದ್ದರು.

"ಅಪ್ಪನ ಹೆಸರು ಉಳಿಬೇಕ್ರಿ," ಎಂದರು ಟೀಚರು. "ಅಪ್ಪ ಇದ್ದಾಗ ನಾವ್ಯಾರೂ ಒಳಗ ಬಂದು, ಏನ್ ಮಾಡಾಕತ್ತೀಯಪ್ಪಾ ಅಂತ ಒಂದಿನಾ ಕೇಳ್ಲಿಲ್ಲ."

ಮೊದಲ ಮೂರು ದಿನ ಆ ಒಂದು ಪೆಟ್ಟಿಗೆಯನ್ನು ಬಿಚ್ಚಿ, ಬರೆದು, ಮತ್ತೆ ಕಟ್ಟುವುದರಲ್ಲಿ ಹೋಯಿತು. ಟೀಚರು ಶಾಲೆಗೆ ಹೋಗುವಾಗ ಕೀಲಿ ಕೊಟ್ಟು, ಸಂಜೆ ಬಂದು ಇಸಿದುಕೊಳ್ಳುತ್ತಿದ್ದರು. ನಡುವೆ ಯಾರೂ ಬರುತ್ತಿರಲಿಲ್ಲ. ಪಕ್ಕದ ಓಣಿಯಲ್ಲಿ ಒಂದು ಮಗ್ಗ ಮಾತ್ರ ಇನ್ನೂ ನಡೆಯುತ್ತಿತ್ತು. ಅದರ ಸದ್ದು ನಿಂತರೆ ಊಟದ ಹೊತ್ತಾಯಿತೆಂದು ನನಗೆ ಗೊತ್ತಾಗುತ್ತಿತ್ತು.

ಜೋಡಣೆ ಸರಳವಾಗಿತ್ತು. ಮನೆಯ ಕರೆಂಟನ್ನು ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್, ಅದನ್ನು ಒಂದೇ ದಿಕ್ಕಿಗೆ ಹರಿಸುವ ನಾಲ್ಕು ಡಯೋಡ್, ಹೆಚ್ಚುಕಡಿಮೆ ಮಾಡಲು ಒಂದು ತಿರುಗಣಿ, ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಮುಳ್ಳಿನ ಮೀಟರು. ತುದಿಗೆ ಬಟ್ಟೆ ಸುತ್ತಿದ ಎರಡು ಅಲ್ಯೂಮಿನಿಯಂ ತಗಡು. ಟ್ರಾನ್ಸ್‌ಫಾರ್ಮರನ್ನು ಮಿಸ್ತ್ರಿ ಕೊಂಡು ತಂದಿರಲಿಲ್ಲ. ನೂಲಿನ ಕಂಡಿಕೆ ಸುತ್ತುವ ರಾಟೆಯಲ್ಲೇ ತಾಮ್ರದ ತಂತಿ ಸುತ್ತಿ ತಾವೇ ಮಾಡಿದ್ದರು. ಸುತ್ತು ಒಂದರ ಪಕ್ಕ ಒಂದು ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕುಳಿತಿತ್ತು. ನಾನು ಅಂಥ ಕೈಕೆಲಸವನ್ನು ಕಾರ್ಖಾನೆಯ ಮಾಲಿನಲ್ಲೂ ಅಪರೂಪಕ್ಕೆ ಕಂಡಿದ್ದೆ.

ಮೇಜಿನ ಖಾನೆಯಲ್ಲಿ ಎರಡು ನೋಟುಬುಕ್ಕುಗಳಿದ್ದವು. ಹೆಸರು, ಊರು, ತ್ರಾಸು, ಮೀಟರಿನ ಅಂಕಿ, ಎಷ್ಟು ನಿಮಿಷ, ಕೊನೆಯ ಕಾಲಮ್ಮಿನಲ್ಲಿ "ಗುಣ" ಅಥವಾ "ಇಲ್ಲ". ಮೊದಲನೆಯ ಪುಸ್ತಕದ ಮೊದಲನೆಯ ಹೆಸರು ಅವರ ಹೆಂಡತಿಯದು. ಅಂಗೈ ಬೆವರಿ ಆಕೆಗೆ ರೇಷ್ಮೆ ಮುಟ್ಟಿ ನೇಯಲು ಆಗುತ್ತಿರಲಿಲ್ಲವೆಂದು ಅಲ್ಲೇ ಬರೆದಿದ್ದರು. ಮಿಸ್ತ್ರಿ ಮಗ್ಗದ ಕಬ್ಬಿಣದ ಭಾಗಗಳ ತುಕ್ಕು ಬಿಡಿಸಲು ಸೋಡಾ ನೀರಿನ ತೊಟ್ಟಿಗೆ ಬ್ಯಾಟರಿ ಚಾರ್ಜರಿನಿಂದ ಕರೆಂಟು ಕೊಡುತ್ತಿದ್ದರು. ಹೆಂಡತಿ ದಿನಾ ಅದರಲ್ಲಿ ಕೈಯಾಡಿಸಿ ಸಾಮಾನು ತೆಗೆಯುತ್ತಿದ್ದಳು. ಕೆಲವು ವಾರದ ಮೇಲೆ ಅಂಗೈ ಬೆವರು ಕಡಿಮೆಯಾದದ್ದನ್ನು ಇಬ್ಬರೂ ಗಮನಿಸಿದರು. ಆಮೇಲೆ ಮಿಸ್ತ್ರಿ ಬರೀ ನೀರು ಹಾಕಿ, ಎರಡು ಬುಟ್ಟಿ ಮಾಡಿ, ಲೆಕ್ಕ ಹಿಡಿದು ನೋಡಿದ್ದರು. ಹದಿನೆಂಟು ಸಾಲುಗಳ ಕೊನೆಗೆ ಬರೆದಿದ್ದರು: "ಗುಣ. ಇಂದು ರೇಷ್ಮೆ ಮುಟ್ಟಿದಳು."

ಸಂಜೆ ಅದನ್ನು ಟೀಚರಿಗೆ ತೋರಿಸಿದೆ. ಅವರು ನಿಂತೇ ಓದಿದರು.

"ಅವ್ವನ ಕೈ ಒಣಾ ಇದ್ವಲ್ರಿ," ಎಂದರು. "ನನಗ ಹಂಗ ನೆನಪೈತಿ."

ಮಗಳಿಗೆ ನೆನಪು ಮೂಡುವ ಮೊದಲೇ ಆ ಕೈಗಳು ಒಣಗಿದ್ದವು.

ಅಲ್ಲಿಂದ ಮುಂದೆ ಮಿಸ್ತ್ರಿ ಮಂಡಿನೋವಿಗೆ ಹೋದರು, ಸೊಂಟಕ್ಕೆ ಹೋದರು, ಆಮೇಲೆ ಎಲ್ಲದಕ್ಕೂ ಹೋದರು. ಮೊದಲ ಪುಸ್ತಕದಲ್ಲಿ "ಇಲ್ಲ" ಎಂಬ ಮಾತು ಬೇಕಾದಷ್ಟು ಸಲ ಬರುತ್ತದೆ. ಎರಡನೆಯದರಲ್ಲಿ ಕಡಿಮೆಯಾಗುತ್ತದೆ. ನಡುನಡುವೆ ಪತ್ರಗಳ ಕಚ್ಚಾ ಪ್ರತಿಗಳಿದ್ದವು. ದೂರದ ದೊಡ್ಡ ಆಸ್ಪತ್ರೆಗೆ, ಎಂಜಿನಿಯರಿಂಗ್ ಕಾಲೇಜಿಗೆ, ಯಾವುದೋ ಸಂಶೋಧನಾ ಕೇಂದ್ರಕ್ಕೆ. ಎಲ್ಲದರ ಕೊನೆಯ ವಾಕ್ಯ ಒಂದೇ: "ನನ್ನದು ತಪ್ಪಿದ್ದರೆ ತಪ್ಪೆಂದಾದರೂ ತಿಳಿಸಬೇಕು." ಉತ್ತರ ಬಂದ ಗುರುತು ಎಲ್ಲೂ ಇರಲಿಲ್ಲ.

ನಾಲ್ಕನೆಯ ದಿನ ನವಲಿಗೆ ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು. ಪೆಟ್ಟಿಗೆ ಇದ್ದ ಮನೆಯ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಜೀವನವಿಡೀ ಬಗ್ಗಿ ಸಸಿ ನೆಟ್ಟ ಸೊಂಟ ಅದು. ದಿನಾ ಸಂಜೆ ಕಾಲನ್ನು ಬುಟ್ಟಿಯಲ್ಲಿಟ್ಟು ಕೂಡುತ್ತಾರಂತೆ.

"ಕೆಟ್ಟಿಲ್ಲ ಬಿಡವ್ವಾ," ಎಂದರು. "ತಿರುಗಣಿ ಕೆಳಗ ಇಳಿಸಿದ್ರೂ ಜುಮ್ ಅಂತೈತಿ. ಮೊದಲ ಇಷ್ಟು ಇರ್ಲಿಲ್ಲ. ಈಗ ಭಾಳ ಜೋರ ಬಂದೈತಿ ಅದಕ್ಕ. ಸ್ವಲ್ಪ ಕಡಿಮಿ ಮಾಡಿಕೊಡು, ಸಾಕು."

ಬುಟ್ಟಿಗೆ ನೀರು ತುಂಬಿಸಿ, ತಗಡು ಇಳಿಸಿ, ತಿರುಗಣಿಯನ್ನು ಪೂರ್ತಿ ಸೊನ್ನೆಗೆ ತಂದು ಪ್ಲಗ್ ಹಾಕಿದೆ. ನನ್ನ ಮೀಟರಿನ ಒಂದು ಕಡ್ಡಿಯನ್ನು ನೀರಿಗೂ ಇನ್ನೊಂದನ್ನು ಅಂಗಳದ ಬೋರಿನ ಪೈಪಿಗೂ ಹಿಡಿದೆ. ನೂರಾ ಹತ್ತು ವೋಲ್ಟು. ಸೊನ್ನೆ ಇರಬೇಕಾದಲ್ಲಿ. ಪ್ಲಗ್ ಕಿತ್ತು, ಮೆಗ್ಗರ್ ಎಂದು ನಾವು ಕರೆಯುವ ಉಪಕರಣದಿಂದ ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳ ನಡುವಿನ ತಡೆ ಅಳೆದೆ. ತಡೆ ಅನ್ನುವುದೇ ಉಳಿದಿರಲಿಲ್ಲ. ಮಿಸ್ತ್ರಿ ಎರಡು ಸುತ್ತಿನ ನಡುವೆ ಹಾಕಿದ್ದು ಅರಗು ಬಳಿದ ಕಾಗದ. ಕಾಲುವೆ ಬಯಲಿನ ತೇವ ವರ್ಷಗಟ್ಟಲೆ ಕುಡಿದು ಅದು ಮೆತ್ತಗಾಗಿತ್ತು. ಮನೆಯ ಕರೆಂಟು ನೇರವಾಗಿ ನೀರಿಗೆ ಇಳಿಯುತ್ತಿತ್ತು. ಅಜ್ಜಿ ಕುಳಿತುಕೊಳ್ಳುತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಾಲೆರಡೂ ಬುಟ್ಟಿಯೊಳಗೆ. ಅದಕ್ಕೇ ಬದುಕಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಒದ್ದೆ ನೆಲದ ಮೇಲೆ ನಿಂತು ಅವರ ಕೈ ಹಿಡಿದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಅಜ್ಜಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ಮಿಸ್ತ್ರಿ ಕೊಟ್ಟದ್ದು. ಅಂವ ನನ್ನ ಮುಂದ ತಾನ ಮೊದಲ ಕಾಲಿಟ್ಟು ನೋಡ್ಯಾನ."

"ಆಗ ಛಲೋ ಇತ್ತಜ್ಜಿ. ಈಗ ಒಳಗಿನ ಕಾಗದ ಕೊಳತೈತಿ."

"ಇದನ್ನ ಒಯ್ದರ ಸಂಜಿಗಿ ನಾ ಏನ್ ಮಾಡ್ಲಿ?"

ಬಿಸಿನೀರಲ್ಲಿ ಕಾಲಿಡಿ ಎಂದೆ. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬರುವಾಗ ಅವರು ಬಾಗಿಲಿಗೆ ಬರಲಿಲ್ಲ.

ಭಾಗ್ಯನಗರದಲ್ಲಿ ಟೀಚರಿಗೆ ಹೇಳಿದಾಗ ಅವರ ಮುಖ ಬಿಗಿಯಾಯಿತು. "ಅಪ್ಪನ ಮಷಿನ್ ಮಂದೀನ ಕೊಲ್ತಾವು ಅಂತೀರೇನ್ರಿ?"

"ಮಾಡಿದಾಗ ಕೊಲ್ತಿರ್ಲಿಲ್ರಿ. ಈಗ ಕೊಲ್ಲಬಹುದು."

"ಮಾಡಿದವರು ಇಲ್ಲಲ್ರೀ, ಏನರ ಅನ್ನಬಹುದು," ಎಂದು ಕೀಲಿ ಇಸಿದುಕೊಂಡು ಹೋದರು. ಮರುದಿನ ಕೀಲಿಯನ್ನು ಕಿಟಕಿಯ ಮೇಲಿಟ್ಟಿದ್ದರು. ತಾವು ಬರಲಿಲ್ಲ. ಹಾಗೆ ಒಂದು ವಾರ ನಡೆಯಿತು. ನಾನು ಕಿಟಕಿಯಿಂದ ಕೀಲಿ ತೆಗೆದುಕೊಂಡು, ಸಂಜೆ ಅಲ್ಲೇ ಇಟ್ಟು ಹೋಗುತ್ತಿದ್ದೆ. ಸತ್ತ ಮನುಷ್ಯನ ಅಕ್ಷರ ಓದುತ್ತ, ಅವರು ಸುತ್ತಿದ ತಂತಿ ಬಿಚ್ಚುತ್ತ, ಆ ವಾರ ನಾನು ಹೆಚ್ಚು ಮಾತಾಡಿದ್ದು ಮಿಸ್ತ್ರಿಯ ಜೊತೆಗೇ ಇರಬೇಕು. ಕಾಗದದ ಬದಲು ಪಾಲಿಯೆಸ್ಟರ್ ಹಾಳೆ ಹಾಕಬಾರದಿತ್ತೇ ಎಂದು ಒಂದು ಸಲ ಬಾಯಿಬಿಟ್ಟೇ ಕೇಳಿದೆ.

ಮೂರನೆಯ ನೋಟುಬುಕ್ಕು ಗಂಗಾವತಿಯ ವ್ಯಾಪಾರಿಯ ಬಳಿ ಇದೆ ಎಂದು ಟೀಚರು ಮೊದಲೇ ಹೇಳಿದ್ದರು. ಅದನ್ನು ತರಲು ಹೋದೆ. ಅಂಗಡಿಯಲ್ಲಿ ಅವರು ನನಗೆ ಚಹಾ ತರಿಸಿ, ಮೇಜಿನ ಕೆಳಗಿಂದ ಅಚ್ಚಾದ ದೊಡ್ಡ ಹಾಳೆಗಳನ್ನು ತೆಗೆದು ತೋರಿಸಿದರು. ಮಿಸ್ತ್ರಿಯ ಫೋಟೋ, ಸುತ್ತ ರೋಗಗಳ ಹೆಸರು.

"ಪುಸ್ತಕದಾಗ ಗುಣ ಆಗಿದ್ದು ಎಲ್ಲ ಬರಕೊಂಡೀನ್ರಿ," ಎಂದರು. "ನೀವು ಚಿತ್ರ ಒಂದ ತೆಗೆದು ಕೊಡ್ರಿ. ಉಳಿದಿದ್ದು ನನಗ ಬಿಡ್ರಿ."

"ಪುಸ್ತಕ ಪೂರ್ತಿ ಓದೀರೇನ್ರಿ?"

"ಎಲ್ಲಾ ಗುಣಾ ಐತಲ್ರೀ. ಏನ್ ಓದೂದು?"

ಪುಸ್ತಕ ಇಸಿದುಕೊಂಡು ಅಲ್ಲಿಂದಲೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಓದಿದೆ. ಅವರು ಹೇಳಿದ್ದು ನಿಜ. ಮೂರನೆಯ ಪುಸ್ತಕದಲ್ಲಿ "ಇಲ್ಲ" ಎಂಬುದೇ ಇರಲಿಲ್ಲ. ಮೊದಲು ನನಗೆ ಮಿಸ್ತ್ರಿಯ ಮೇಲೆ ಸಿಟ್ಟು ಬಂತು. ಆಮೇಲೆ ಸಾಲುಗಳನ್ನು ಮತ್ತೆ ನೋಡಿದೆ. ಎಷ್ಟೋ ಹೆಸರುಗಳ ಮುಂದೆ ಕೊನೆಯ ಕಾಲಮ್ಮು ಖಾಲಿ ಇತ್ತು. ಅವರು ಸುಳ್ಳು ಬರೆದಿರಲಿಲ್ಲ. ಗುಣವಾಯಿತು ಅನ್ನಿಸಿದವರು ಹುಡುಕಿಕೊಂಡು ಬಂದು ಹೇಳಿದ್ದರು. ಆಗದವರು ಸುಮ್ಮನೆ ಬರುವುದನ್ನು ಬಿಟ್ಟಿದ್ದರು. ಮಿಸ್ತ್ರಿ ಕೇಳಿಸಿಕೊಂಡಿದ್ದು ಬಂದವರ ಮಾತನ್ನು ಮಾತ್ರ.

ಕೊನೆಯ ಪುಟದಲ್ಲಿ ಅಕ್ಷರ ಬೇರೆಯಾಗಿತ್ತು, ಓಲಾಡುತ್ತಿತ್ತು. "ಸಿದ್ದಾಪುರ. ತಪ್ಪು ನನ್ನದು. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಕೊಡಬಾರದು. ಪೆಟ್ಟಿಗೆ ಎಲ್ಲಾ ವಾಪಸ್." ಅದರ ಕೆಳಗೆ ಒಂಬತ್ತು ಊರುಗಳ ಪಟ್ಟಿ. ಆರಕ್ಕೆ ಗೆರೆ ಎಳೆದಿತ್ತು. ಗೆರೆ ಇಲ್ಲದವು ಮೂರು: ನವಲಿ, ಯಲಬುರ್ಗಾ, ಕುಷ್ಟಗಿ. ಟೀಚರಿಗೆ ಫೋನು ಬರುತ್ತಿದ್ದದ್ದು ಆ ಮೂರರಿಂದಲೇ.

ನಡುವೆಯೇ ಇಳಿದು, ಸಿದ್ದಾಪುರದ ಬಸ್ಸು ಹಿಡಿದು ಹೋಗಿ ವಿಚಾರಿಸಿದೆ. ಪುಸ್ತಕದಲ್ಲಿದ್ದ ಹೆಸರಿನವರು ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಒಬ್ಬ ಮುಸ್ಲಿಂ ಹಿರಿಯರು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಎಡಗಾಲಿನಲ್ಲಿ ಎರಡು ಬೆರಳಿರಲಿಲ್ಲ.

"ಮಿಸ್ತ್ರೀದು ಕಸೂರಿಲ್ರಿ ಮೇಡಂ, ಅವಂದು ತಪ್ಪಿಲ್ಲ," ಎಂದು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಅವರೇ ಶುರುಮಾಡಿದರು. "ಮಂಡಿ ನೋವಿಗಿ ಅಂತ ಕೊಟ್ಟಿದ್ದ. ನನಗ ಕಾಲಾಗ ಏನೂ ಗೊತ್ತಾಗ್ಲಿಲ್ಲ. ಜುಮ್ ಅನ್ನವಲ್ಲದು ಅಂತ ತಿರುಗಿಸಿ ತಿರುಗಿಸಿ ಪೂರಾ ಇಟ್ಟೆ. ಶುಗರ್ ಇದ್ದವರ ಕಾಲಿಗಿ ತಿಳಿಯಂಗಿಲ್ಲ ಅಂತ ನನಗೂ ಗೊತ್ತಿರ್ಲಿಲ್ಲ, ಅವಗೂ ಗೊತ್ತಿರ್ಲಿಲ್ಲ. ಅಂಗಾಲು ಸುಟ್ಟು ಹೋತು. ಗಾಯ ಮಾಯಲಿಲ್ಲ."

"ಆಮೇಲೆ ಮಿಸ್ತ್ರಿ ಬಂದಿದ್ರೇನ್ರಿ?"

"ಬಂದಾ. ಇದ ಕಟ್ಟಿ ಮ್ಯಾಲ ಕುಂತಾ. ಚಾ ಕೊಟ್ರ ಕುಡೀಲಿಲ್ಲ. ನನ್ನ ಕಾಲ ತನ್ನ ತೊಡಿ ಮ್ಯಾಲ ಇಟ್ಕೊಂಡು ನೋಡಿದಾ. ಆಮ್ಯಾಲ ಪ್ರತಿ ತಿಂಗಳ ಬರ್ತಿದ್ದ, ಬ್ಯಾಂಡೇಜ್ ತಗೊಂಡು. ತಾನ ಕಟ್ಟತಿದ್ದ. ಹಾಸಿಗಿ ಹಿಡಿಯೋ ತನಾ ಬಂದಾ."

ಹೊರಡುವಾಗ ಅವರು ಕೇಳಿದರು, "ಅವನ ಮಗಳು ಸಾಲಿ ಕಲಸ್ತಾಳಂತಲ್ರಿ, ಆರಾಮ ಅದಾಳಾ?"

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಕೆಲಸ ಏನೆಂದು ಸ್ಪಷ್ಟವಾಯಿತು. ರಿಪೇರಿ ಮಾಡಿಕೊಡುವುದಲ್ಲ. ಚಿತ್ರ ಬರೆದುಕೊಡುವುದಂತೂ ಅಲ್ಲ. ಆ ಪಟ್ಟಿಯಲ್ಲಿ ಉಳಿದ ಮೂರು ಊರುಗಳಿಗೆ ಗೆರೆ ಎಳೆಯುವುದು.

ಯಲಬುರ್ಗಾದ ಕಡೆಯದು ಸುಲಭವಾಯಿತು. ಪೆಟ್ಟಿಗೆ ತೆಗೆದುಕೊಂಡವರು ಮಗಳ ಊರಿಗೆ ಹೋಗಿ ನೆಲೆಸಿದ್ದರು. ಅವರ ತಮ್ಮ ಒಳಗಿನದನ್ನೆಲ್ಲ ಕಿತ್ತು ಬದಿಗಿಟ್ಟು, ಪೆಟ್ಟಿಗೆಯಲ್ಲಿ ಕೋಳಿಮರಿ ಕೂಡಿಹಾಕಿದ್ದ. ಟ್ರಾನ್ಸ್‌ಫಾರ್ಮರ್ ಕೇಳಿದ್ದಕ್ಕೆ ಖುಷಿಯಿಂದ ಕೊಟ್ಟ. ಫೋನು ಯಾಕೆ ಮಾಡಿದ್ದೆ ಎಂದರೆ, "ಇದು ಯಾರರ ಬೇಕಂದ್ರ ಒಯ್ಯಲಿ ಅಂತ್ರಿ," ಎಂದ.

ಕಷ್ಟವಾದದ್ದು ಕುಷ್ಟಗಿ. ಆಕೆ ನನಗಿಂತ ಚಿಕ್ಕವಳು, ಮನೆಯೊಳಗಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ರೇಷ್ಮೆ ಸೆರಗಿನ ಸೀರೆ ನೇಯುತ್ತಿದ್ದಳು. ಮಿಸ್ತ್ರಿ ಅವಳ ಮಗ್ಗ ರಿಪೇರಿಗೆ ಬಂದಾಗ, ಅವಳ ಮಡಿಲಲ್ಲಿದ್ದ ಒದ್ದೆ ಬಟ್ಟೆ ನೋಡಿ, "ಕೈ ತೋರ್ಸವ್ವಾ" ಎಂದಿದ್ದರಂತೆ. ಅವಳು ಅಂಗೈ ತೆರೆದು ನನಗೆ ತೋರಿಸಿದಳು. ಒಣಗಿದ್ದವು.

"ಮೊದಲ ನೀರು ತೊಟ್ಟಿಕ್ಕತಿತ್ರಿ. ಸೆರಗಿಗಿ ಕಲಿ ಬಿದ್ದು ಸೀರಿ ವಾಪಸ್ ಬರ್ತಿದ್ವು. ಲಗ್ನದಾಗ ಮಂದಿ ಕೈ ಹಿಡದ್ರ ಎಳಕೊಂತಿದ್ದೆ. ವಾರಕ್ಕ ಎರಡು ಸಲ ಇಡ್ತೀನ್ರಿ, ಕೈ ಅಷ್ಟ, ಕಾಲಿಡಂಗಿಲ್ಲ. ಈಗ ಮೀಟರ್ ಮುಳ್ಳು ಏಳವಲ್ದು, ಅದಕ್ಕ ಫೋನ್ ಮಾಡಿದ್ನಿ."

ಮುಳ್ಳಿನ ತೊಂದರೆ ಸಣ್ಣದು, ಒಂದು ತಂತಿ ಬಿಟ್ಟಿತ್ತು. ಬೆಸೆದರೆ ಐದು ನಿಮಿಷದ ಕೆಲಸ. ಮೆಗ್ಗರ್ ಹಚ್ಚಿ ನೋಡಿದೆ. ಒಣ ಹವೆಯ ಊರಾದ್ದರಿಂದ ಕಾಗದ ಇನ್ನೂ ಪೂರ್ತಿ ಕೊಳೆತಿರಲಿಲ್ಲ, ಆದರೆ ಅಂಕಿ ಇಳಿಯುವ ದಾರಿಯಲ್ಲಿತ್ತು. ಈ ಮಳೆಗಾಲ ದಾಟಬಹುದು, ದಾಟದಿರಬಹುದು. ಇಷ್ಟು ದಿನದಲ್ಲಿ ಮಿಸ್ತ್ರಿಯ ಪೆಟ್ಟಿಗೆಯಿಂದ ನಿಜವಾಗಿ ಗುಣವಾದ ಒಂದು ಜೀವ ನನ್ನ ಮುಂದೆ ಕುಳಿತಿತ್ತು, ಮತ್ತು ಅದರ ಕೈಯಿಂದ ಆ ಪೆಟ್ಟಿಗೆಯನ್ನು ನಾನು ಕಿತ್ತುಕೊಳ್ಳಬೇಕಾಗಿತ್ತು.

"ಇದೊಂದ ಬಿಡ್ರಿ ಮೇಡಂ. ನಾ ಹುಷಾರಿಂದ ಇಡ್ತೀನಿ."

"ನೀ ಹುಷಾರಿದ್ರೂ ಇದು ಹುಷಾರಿರೂದಿಲ್ಲವ್ವಾ."

ಅವಳು ಅಳಲಿಲ್ಲ. ಎದ್ದು ಬುಟ್ಟಿಗಳನ್ನು ತೊಳೆದು, ಒಂದರೊಳಗೊಂದು ಇಟ್ಟು, ಪೆಟ್ಟಿಗೆಯ ಜೊತೆ ಕೊಟ್ಟಳು. ಆಮೇಲೆ ಮಗ್ಗಕ್ಕೆ ಇಳಿದು ಕುಳಿತಳು, ಆದರೆ ಲಾಳಿ ಮುಟ್ಟಲಿಲ್ಲ.

ಮರುದಿನ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನನಗೆ ಪರಿಚಯವಿದ್ದ ಚರ್ಮದ ಡಾಕ್ಟರ ಬಳಿ ಹೋಗಿ, ಮೊದಲನೆಯ ನೋಟುಬುಕ್ಕಿನ ಮೊದಲ ಪುಟಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಇದು ಗೊತ್ತಿರೋ ಚಿಕಿತ್ಸೇನ ಐತಿ," ಎಂದರು. "ಅಂಗೈ ಬೆವರಿಗೆ ನಲ್ಲಿ ನೀರು, ಸಣ್ಣ ಕರೆಂಟು. ನಮ್ಮ ಪುಸ್ತಕದಾಗ ಐತಿ. ಇವರು ಬರೆದ ಅಂಕಿನೂ ಹೆಚ್ಚುಕಡಿಮೆ ಸರಿಯಾಗೇ ಅದಾವು. ಯಾರಿವರು?"

"ಮಗ್ಗದ ಮಿಸ್ತ್ರಿ. ಇದು ಯಾವಾಗಿನಿಂದ ಪುಸ್ತಕದಾಗ ಐತ್ರಿ?"

"ನಾವು ನೀವು ಹುಟ್ಟೂಕಿಂತ ಮೊದಲ."

"ಮಂಡಿನೋವು, ಶುಗರ್, ಲಕ್ವ?"

"ಅವಕ್ಕ ಇದರಿಂದ ಏನೂ ಆಗೂದಿಲ್ಲ. ಒಮ್ಮೆ ಇಲ್ಲಿ ಬಂದಿದ್ರ ಹತ್ತು ನಿಮಿಷದಾಗ ಎರಡೂ ಹೇಳಿ ಕಳಿಸ್ತಿದ್ದೆ."

ಭಾಗ್ಯನಗರದಿಂದ ಅಲ್ಲಿಗೆ ಆಟೋದಲ್ಲಿ ಹದಿನೈದು ನಿಮಿಷ. ಮಿಸ್ತ್ರಿ ದೂರದ ದೊಡ್ಡ ದೊಡ್ಡ ಊರುಗಳಿಗೆ ಪತ್ರ ಬರೆದಿದ್ದರು. ತಾವು ಕಂಡುಹಿಡಿದದ್ದು ಮೊದಲೇ ಇದೆ ಎಂದೂ ತಿಳಿಯದೆ, ಉಳಿದದ್ದು ಸುಳ್ಳೆಂದೂ ತಿಳಿಯದೆ, ಆ ಬೀಗ ಹಾಕಿದ ಕೋಣೆಯಲ್ಲಿ ಅಷ್ಟು ವರ್ಷ ಕುಳಿತಿದ್ದರು. ಅವರಿಗೆ ವಿರೋಧ ಮಾಡಿದವರೂ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಾದ ಸಂಗತಿ.

ನೇಕಾರಳ ವಿಷಯ ಹೇಳಿದೆ. ಇಂಥ ಕೆಲಸಕ್ಕೆಂದೇ ಮಾಡಿದ ಯಂತ್ರ ಆಸ್ಪತ್ರೆಯಲ್ಲಿರಲಿಲ್ಲ. ತರಿಸಲು ಬರೆಯುತ್ತೇನೆ, ಬರುವುದು ಯಾವಾಗಲೋ ಎಂದರು. ಬ್ಯಾಟರಿಯಿಂದ ನಡೆಯುವಂತೆ ನಾನೇ ಮಾಡಿದರೆ ಎಂದು ಕೇಳಿದೆ. ಚಿತ್ರ ಬರೆದು ತೋರಿಸು, ಆಕೆಯನ್ನು ಕರೆದುಕೊಂಡು ಬಾ, ಹೃದಯ, ಬಸಿರು ಎಲ್ಲ ನೋಡಿಯೇ ಹೇಳುತ್ತೇನೆ ಎಂದರು. ಮುಂದಿನ ವಾರ ಆಕೆ ಬಂದಳು. ಕರ್ಚೀಫು ಮುದ್ದೆಮಾಡಿ ಹಿಡಿದುಕೊಂಡಿದ್ದಳು. ಕೈ ಆಗಲೇ ಒದ್ದೆಯಾಗಲು ಶುರುವಾಗಿತ್ತು. ಡಾಕ್ಟರು ನೋಡಿ, ಎಷ್ಟು ಕರೆಂಟು, ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಿಸ್ತ್ರಿಯ ಮೇಜಿನ ಮೇಲೇ ಅದನ್ನು ಕಟ್ಟಿದೆ. ಟ್ರಾನ್ಸ್‌ಫಾರ್ಮರ್ ತೆಗೆದುಹಾಕಿ ಆ ಜಾಗದಲ್ಲಿ ಒಂಬತ್ತು ವೋಲ್ಟಿನ ಮೂರು ಬ್ಯಾಟರಿ. ಎರಡು ತಗಡು ಅಕಸ್ಮಾತ್ ಒಂದಕ್ಕೊಂದು ತಾಗಿದರೂ ಹದಿನೈದು ಮಿಲಿಆಂಪಿಗಿಂತ ಹೆಚ್ಚು ಹರಿಯದಂತೆ ಸಾವಿರದ ಎಂಟುನೂರು ಓಮಿನ ಒಂದು ತಡೆ. ಗೋಡೆಗೆ ಚುಚ್ಚುವ ವೈರನ್ನು ಬುಡದಲ್ಲೇ ಕತ್ತರಿಸಿ ತೂತು ಮುಚ್ಚಿದೆ. ಮೀಟರು, ತಿರುಗಣಿ ಮಿಸ್ತ್ರಿಯವೇ ಉಳಿದವು. ಮೊದಲ ನಾಲ್ಕು ದಿನ ನನ್ನ ಕೈಯನ್ನೇ ಇಟ್ಟು ನೋಡಿದೆ.

ನಾಲ್ಕನೆಯ ದಿನ ಸಂಜೆ ನಾನು ಹಾಗೆ ಕೈ ನೀರಲ್ಲಿಟ್ಟು ಕುಳಿತಿದ್ದಾಗ ಟೀಚರು ಬಂದರು. ಎಷ್ಟೋ ದಿನದ ಮೇಲೆ. ನಾನು ಕೈ ಒರೆಸಿಕೊಂಡು, ಮೂರನೆಯ ಪುಸ್ತಕದ ಕೊನೆಯ ಪುಟ ತೆರೆದು ಕೊಟ್ಟೆ. ಸಿದ್ದಾಪುರದಲ್ಲಿ ಕೇಳಿದ್ದನ್ನೂ, ಡಾಕ್ಟರು ಹೇಳಿದ್ದನ್ನೂ ಬಿಡದೆ ಹೇಳಿದೆ. ಅವರು ಸ್ಟೂಲಿನ ಮೇಲೆ ಕುಳಿತು ಕೇಳಿದರು.

"ತಿಂಗಳಿಗೊಮ್ಮೆ ಸಿದ್ದಾಪುರಕ್ಕ ಹೊಂಟಾಗ, ಈ ವಯಸ್ಸಿನಾಗ ಮತ್ತ ಮಷಿನ್ ಹುಚ್ಚಾ ಅಂತ ನಾನ ಬೈತಿದ್ದೆ," ಎಂದರು ಕೊನೆಗೆ. "ಅಪ್ಪ ಹೂಂ ಅಂತ ಚಪ್ಪಲ್ ಮೆಟ್ಟಿಕೊಂಡು ಹೋಗ್ತಿದ್ದ. ಹೇಳಬಾರದಾಗಿತ್ತೇನ್ರಿ ನನಗ?"

"ಹೇಳೂಕ ಧೈರ್ಯ ಆಗಿರ್ಲಿಕ್ಕಿಲ್ರಿ."

"ನಾನೂ ಕೇಳ್ಲಿಲ್ಲ ಬಿಡ್ರಿ."

ಅಲ್ಲಿಂದಲೇ ವ್ಯಾಪಾರಿಗೆ ಫೋನು ಹಚ್ಚಿದರು. "ಅಣ್ಣಾರ, ಅಪ್ಪನ ಫೋಟೋ ಇರೋ ಹಾಳಿ ಎಲ್ಲಾ ನನಗ ಕೊಟ್ಟುಬಿ‌ಡ್ರಿ. ಮಷಿನ್ ಮಾಡೂದಿಲ್ಲ." ಆ ಕಡೆಯಿಂದ ಬಹಳ ಮಾತು ಬಂತು. ಟೀಚರು ತಡೆಯದೆ ಕೇಳಿದರು. "ಅಪ್ಪನ ಹೆಸರು ಉಳೀಬೇಕು ಅಂತ ನಾ ಅಂದಿದ್ದು ಖರೆ. ತಾನ ಗೆರಿ ಹೊಡದು ಹೋದದ್ದನ್ನ ನಾ ಮತ್ತ ಬರಿಯೂದಿಲ್ರಿ," ಎಂದು ಫೋನು ಇಟ್ಟರು. ಎರಡು ದಿನದ ಮೇಲೆ ತಾವೇ ಗಂಗಾವತಿಗೆ ಹೋಗಿ ಹಾಳೆಗಳನ್ನು ತಂದರು. ಅಲ್ಲಿಂದ ಸಿದ್ದಾಪುರಕ್ಕೂ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ನವಲಿಯ ಅಜ್ಜಿಯನ್ನು ಮೂಳೆ ಡಾಕ್ಟರಿಗೆ ತೋರಿಸಲು ಅವರ ಮೊಮ್ಮಗನಿಗೆ ನಾಲ್ಕು ಸಲ ಫೋನು ಮಾಡಿದೆ. ಕರೆದುಕೊಂಡು ಹೋಗುತ್ತೇನೆ ಎಂದ. ಹೋದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕುಷ್ಟಗಿಗೆ ಪೆಟ್ಟಿಗೆ ಕೊಡಲು ಇಬ್ಬರೂ ಹೋದೆವು. ನಾನು ಒಂದೊಂದೇ ತೋರಿಸಿದೆ. ಉಂಗುರ ತೆಗೆಯಬೇಕು. ಕೈಗೆ ಗಾಯವಿದ್ದರೆ ವ್ಯಾಸಲಿನ್ ಹಚ್ಚಬೇಕು. ತಿರುಗಣಿ ಸೊನ್ನೆಯಲ್ಲಿದ್ದಾಗ ಕೈ ಇಡಬೇಕು, ನಿಧಾನ ಏರಿಸಬೇಕು, ಸೊನ್ನೆಗೆ ಇಳಿಸಿಯೇ ತೆಗೆಯಬೇಕು. ಬೇರೆ ಯಾರ ಯಾವ ನೋವಿಗೂ ಕೊಡಬಾರದು.

"ಎರಡು ವಾರದಾಗ ಗುಣ ಆದ್ರ ಫೋನ್ ಮಾಡು," ಎಂದೆ. "ಆಗದಿದ್ರೂ ಮಾಡು. ಆಗದಿದ್ರ ಮೊದಲ ಮಾಡು."

ಅವಳು ತಲೆಯಾಡಿಸಿ, ಟೀಚರ ಕಡೆ ತಿರುಗಿದಳು. "ನೀವು ಮಿಸ್ತ್ರಿ ಮಗಳೇನ್ರಿ? ನಮ್ಮನ್ಯಾಗ ಊಟಾ ಮಾಡಿದಾಗೆಲ್ಲಾ ನಿಮ್ಮ ಸುದ್ದೀನ ಹೇಳ್ತಿದ್ರು. ಕೂಡ್ರಿ." ಟೀಚರು ಕುಳಿತರು. ಏನು ಹೇಳುತ್ತಿದ್ದರು ಎಂದು ಕೇಳಿದರು. ಅವರಿಬ್ಬರ ಮಾತು ಬೇಗ ಮುಗಿಯುವಂತಿರಲಿಲ್ಲ. ನನಗೆ ಬಸ್ಸಿತ್ತು. ಹೊರಟೆ.

ಹೊಸ ಗುತ್ತಿಗೆ ಬಂತು. ಮೂರನೆಯ ವಾರ ನಾನು ಒಂದು ಸಣ್ಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕುಳಿತು, ದಮ್ಮಿನವರಿಗೆ ಔಷಧಿಯ ಹೊಗೆ ಕೊಡುವ ನೆಬ್ಯುಲೈಸರ್ ಯಂತ್ರದ ಪಂಪು ಕಟ್ಟುತ್ತಿದ್ದಾಗ ಫೋನು ಬಂತು.

"ಮೇಡಂ, ಎಡಗೈ ಒಣಗೈತ್ರಿ. ಬಲಗೈ ಇಲ್ರಿ, ಇನ್ನಾ ಹಂಗ ಐತಿ. ಹೇಳ್ಬೇಕೋ ಬ್ಯಾಡೋ ಅಂತ ಎರಡು ದಿನ ಸುಮ್ನಿದ್ದೆ."

"ಹೇಳಿದ್ದು ಛಲೋ ಆತು. ಕೆಂಪು ವೈರು ಯಾವ ಬುಟ್ಟ್ಯಾಗ ಐತಿ?"

"ಎಡಗೈದ್ರಾಗ್ರಿ."

"ದಿನಾ ಅದರಾಗ ಇಟ್ಟೀ ಏನು?"

"ಹೂನ್ರಿ."

"ಕೆಂಪು ಅಂದ್ರ ಪ್ಲಸ್, ಅದು ಇದ್ದ ಕೈ ಮೊದಲ ಒಣಗತೈತಿ. ಇನ್ನ ಮ್ಯಾಲ ಬಲಗೈಗಿ ಕೆಂಪು ಹಾಕು. ನಾ ಮೊದಲ ಹೇಳಬೇಕಿತ್ತು, ಮರತೆ. ಡಾಕ್ಟರಿಗೂ ಒಂದು ಮಾತು ಹೇಳ್ತೀನಿ."

"ಮತ್ತ ಯಾವಾಗ ಫೋನ್ ಮಾಡ್ಲ್ರಿ?"

"ವಾರ ಬಿಟ್ಟು ಮಾಡು."

ಫೋನಿಟ್ಟೆ. ಇಷ್ಟು ವರ್ಷ ನಾನು ಸರಿಮಾಡಿದ ಯಂತ್ರಗಳಿಂದ ಯಾರಿಗೆ ಏನಾಯಿತೆಂದು ಒಬ್ಬರೂ ನನಗೆ ಹೇಳಿದ್ದಿಲ್ಲ. ನಾನೂ ನಿಂತು ಕೇಳಿದ್ದಿಲ್ಲ. ಸ್ಟೋರಿಗೆ ಒಪ್ಪಿಸಿ, ಸಹಿ ಹಾಕಿಸಿಕೊಂಡು, ಮುಂದಿನ ಬಸ್ಸು ಹಿಡಿಯುತ್ತಿದ್ದೆ.

ಪಂಪು ಕಟ್ಟಿ ಮುಗಿಸಿದೆ. ಹೊಗೆ ಸರಿಯಾಗಿ ಬರುತ್ತಿತ್ತು. ಸ್ಟೋರಿನ ಬಾಗಿಲು ತೆರೆದೇ ಇತ್ತು. ನಾನು ಯಂತ್ರವನ್ನು ಎತ್ತಿಕೊಂಡು ಅದನ್ನು ದಾಟಿ, ಯಾರೋ ಕೆಮ್ಮುತ್ತಿದ್ದ ವಾರ್ಡಿನ ಕಡೆ ನಡೆದೆ.